ಒಂದು ಬುಟ್ಟಿ ಗರಡಿ ಮಣ್ಣು

ಹೊಳೆಯ ದಂಡೆಯ ಮೇಲೆ ಚನ್ನವೀರಜ್ಜನ ಗರಡಿ. ಅಲ್ಲಿಂದ ಕೂಗಳತೆಯಲ್ಲಿ ಬಟ್ಟೆ ಒಗೆಯುವ ಬಂಡೆಗಳು.

ಅವುಗಳಲ್ಲೊಂದು ಬಂಡೆ ಮಡಿವಾಳರ ದ್ಯಾಮವ್ವನದು.

ಎರಡನೆಯ ಹೆರಿಗೆಯಾದ ಮೇಲೆ ಅವಳ ಮೈ ಸೋತಿತ್ತು. ಒಂದು ದಿನ ನೆನೆದ ಕಂಬಳಿಯ ಗಂಟು ಎತ್ತಲು ಹೋಗಿ ಕಾಲು ಜಾರಿ ನೀರಿಗೆ ಬಿದ್ದಳು. ಗಂಟು ಕೊಚ್ಚಿಕೊಂಡು ಹೋಯಿತು. ಅವಳು ಸಿಕ್ಕಿದ ಕಲ್ಲನ್ನು ತಬ್ಬಿ ಉಳಿದುಕೊಂಡಳು.

ಇನ್ನು ಈ ಮೈಯನ್ನು ಹೀಗೆ ಬಿಡಬಾರದು ಎಂದು ಅವತ್ತೇ ನಿಶ್ಚಯಿಸಿದಳು. ಗರಡಿಯ ಬಾಗಿಲ ಸಂದಿಯಲ್ಲಿ ಕಂಡಿದ್ದನ್ನು ನೆನಪಿಟ್ಟುಕೊಂಡು ತನ್ನ ಹಿತ್ತಲಲ್ಲಿ ನೆಲಕ್ಕೆ ಕೈಯೂರಿ ದಂಡ ಹೊಡೆದಳು, ಕೂತು ಏಳುತ್ತಾ ಬೈಠಕ್ ಹೊಡೆದಳು. ಮೊದಲ ದಿನ ಐದು. ವರ್ಷ ತುಂಬುವಷ್ಟರಲ್ಲಿ ಮುನ್ನೂರು.

ಇಬ್ಬರು ಹೊರುತ್ತಿದ್ದ ಗಂಟನ್ನು ಈಗ ಒಬ್ಬಳೇ ಹೊರುತ್ತಿದ್ದಳು. ಏರು ದಾರಿಯಲ್ಲಿ ಸುಮ್ಮನೆ ಓಡಬೇಕು ಅನ್ನಿಸುತ್ತಿತ್ತು. ಬೆಳಗಾಗುವುದನ್ನೇ ಕಾಯುತ್ತಿದ್ದಳು. ತನ್ನ ಮೈಯೊಳಗೆ ಇಷ್ಟು ದಿನ ಯಾರೋ ಮಲಗಿದ್ದರು, ಈಗ ಎದ್ದು ಕೂತಿದ್ದಾರೆ ಅನ್ನಿಸಿ ಒಬ್ಬಳೇ ನಗುತ್ತಿದ್ದಳು.

ಆ ಹುಮ್ಮಸ್ಸಿನಲ್ಲೇ ಒಂದು ಮುಂಜಾನೆ ನೇರವಾಗಿ ಗರಡಿಯ ಮುಂದೆ ಹೋಗಿ ನಿಂತಳು.

ಚನ್ನವೀರಜ್ಜ ಮಣ್ಣು ಮೆತ್ತಗಾಗಲೆಂದು ಕುಸ್ತಿಯ ಕಣಕ್ಕೆ ಮಜ್ಜಿಗೆ ಚಿಮುಕಿಸುತ್ತಿದ್ದರು.

"ಅಜ್ಜಾ, ಒಂದು ವರ್ಷದಿಂದ ಮನೆಯಲ್ಲೇ ಸಾಮು ಮಾಡುತ್ತಿದ್ದೇನೆ. ಮನೆಯಲ್ಲಿ ಮಾಡುವುದು ಮೇಲೋ, ಗರಡಿಗೆ ಸೇರುವುದು ಮೇಲೋ?"

ಹಿರಿಯ ಶಿಷ್ಯ ಬಸಲಿಂಗ ಅಜ್ಜನಿಗಿಂತ ಮೊದಲೇ ಬಾಯಿ ಹಾಕಿದ. ತನ್ನ ತಾತನ ಕಾಲದಿಂದಲೂ ಈ ಗರಡಿಯ ಹೊಸ್ತಿಲನ್ನು ಹೆಣ್ಣು ದಾಟಿಲ್ಲ, ಆದ್ದರಿಂದ ಗರಡಿಗೆ ಸೇರುವ ಮಾತನ್ನು ಎತ್ತುವುದೇ ಬೇಡ ಎಂದ.

ಅಜ್ಜ ದ್ಯಾಮವ್ವನ ಕಡೆ ತಿರುಗಿದರು. ಅವಳು ಮಾಡುವುದನ್ನು ತೋರಿಸಲು ಹೇಳಿದರು.

ದ್ಯಾಮವ್ವ ಸೆರಗು ಬಿಗಿದಳು. ಹೊಳೆಯ ಮರಳಿನ ಮೇಲೆ ನೂರು ದಂಡ ಹೊಡೆದು ಎದ್ದು ನಿಂತಳು. ಉಸಿರು ಏರಿರಲಿಲ್ಲ. ಒಳಗಿದ್ದ ಪೈಲ್ವಾನರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನೋಡುತ್ತಿದ್ದರು.

"ಮನೆಯಲ್ಲಿ ನಿನ್ನನ್ನು ಬೀಳಿಸುವವರು ಯಾರು, ತಾಯಿ?" ಎಂದು ಅಜ್ಜ ಕೇಳಿದರು.

"ಯಾರೂ ಇಲ್ಲ. ವರ್ಷದಲ್ಲಿ ಒಂದು ಸಲವೂ ಬಿದ್ದಿಲ್ಲ." ಅವಳ ದನಿಯಲ್ಲಿ ಹೆಮ್ಮೆಯಿತ್ತು.

"ಹಾಗಾದರೆ ನೀನಿನ್ನೂ ಶುರುವೇ ಮಾಡಿಲ್ಲ."

ಅಜ್ಜ ಮಜ್ಜಿಗೆಯ ತಂಬಿಗೆ ಹಿಡಿದು ಮತ್ತೆ ಕಣಕ್ಕೆ ಇಳಿದರು.

ದ್ಯಾಮವ್ವನಿಗೆ ಸಿಟ್ಟು ಬಂತು. ಸಿಟ್ಟು ಬಂದಷ್ಟೂ ಹುರುಪು ಹೆಚ್ಚಿತು. ಹದಿನೈದು ದಿನ ದಂಡವನ್ನು ಇಮ್ಮಡಿ ಮಾಡಿದಳು. ಊರ ಗಂಡಸರಲ್ಲಿ ಮೂರೋ ನಾಲ್ಕೋ ಜನ ಮಾತ್ರ ಎತ್ತಿದ್ದ ಗುಂಡುಕಲ್ಲೊಂದು ಹೊಳೆಯ ದಾರಿಯಲ್ಲಿ ಬಿದ್ದಿತ್ತು. ಅದನ್ನು ಎದೆಮಟ್ಟಕ್ಕೆ ಎತ್ತಿದಳು. ಕಲ್ಲನ್ನು ಕೆಳಗಿಟ್ಟವಳೇ ಗರಡಿಗೆ ಓಡಿದಳು.

"ಎತ್ತಿದೆ ಅಜ್ಜಾ. ಆ ಕಲ್ಲನ್ನು ಎತ್ತಿದೆ."

"ಎತ್ತುವಾಗ ನಡುವೆ ಕಲ್ಲು ಮನಸ್ಸು ಬದಲಿಸಿತೇ?"

"ಕಲ್ಲಿಗೆಲ್ಲಿಯ ಮನಸ್ಸು?"

"ಮನಸ್ಸು ಬದಲಿಸುವವರನ್ನು ಎತ್ತಿ ನೋಡು."

"ಅಂಥವರು ಇರುವುದು ನಿಮ್ಮ ಗರಡಿಯಲ್ಲಿ. ನನ್ನನ್ನು ಸೇರಿಸಿಕೊಳ್ಳಿ."

ಬಸಲಿಂಗ ಎದ್ದು ನಿಂತ. ಅವಳು ಕಣಕ್ಕೆ ಇಳಿದ ದಿನವೇ ತಾವು ಹನ್ನೆರಡು ಜನವೂ ಗರಡಿ ಬಿಡುವುದಾಗಿ ಹೇಳಿದ. ಅವನ ಹಿಂದೆ ಯಾರೂ ಹೂಂ ಅನ್ನಲಿಲ್ಲ, ಆದರೆ ಯಾರೂ ಉಹುಂ ಎಂದೂ ಅನ್ನಲಿಲ್ಲ.

ದ್ಯಾಮವ್ವ ಅಜ್ಜನ ಮುಖ ನೋಡಿದಳು. ತನ್ನ ಪರವಾಗಿ ಒಂದು ಮಾತು ಬರುತ್ತದೆಂದು ಕಾದಳು.

ಅಜ್ಜ ಹೇಳಿದ್ದು ಇಷ್ಟೇ: "ನಿನ್ನನ್ನು ಬೀಳಿಸಬಲ್ಲವರನ್ನು ಹುಡುಕಿಕೊಂಡು ಬಾ."

ಮನೆಗೆ ಬರುವಾಗ ಅವಳ ಕಣ್ಣು ತುಂಬಿತ್ತು. ಗಂಡ ಕತ್ತೆಯ ಮೇಲೆ ಗಂಟು ಹೇರಿಕೊಂಡು ಪಕ್ಕದ ಊರಿಗೆ ಹೋಗಿದ್ದ. ಅತ್ತೆ ಸಂಕವ್ವ ಹಿತ್ತಲಲ್ಲಿ ಬಟ್ಟೆಯ ಕೊಳೆ ತೆಗೆಯುವ ಚೌಳು ಮಣ್ಣು ಜರಡಿ ಹಿಡಿಯುತ್ತಿದ್ದಳು. ಅರವತ್ತು ದಾಟಿದ ಹೆಂಗಸು. ಊರವರ ಬಟ್ಟೆ ಒಗೆಯುವ ಸಾಮು ಸಾಲದೇ ಎಂದು ವರ್ಷವಿಡೀ ಸೊಸೆಯನ್ನು ಆಡಿಕೊಂಡವಳು.

ದ್ಯಾಮವ್ವ ನಡೆದಿದ್ದನ್ನೆಲ್ಲ ಹೇಳಿಕೊಂಡಳು. ಈ ಊರಲ್ಲಿ ತನ್ನನ್ನು ಬೀಳಿಸುವವರನ್ನು ಎಲ್ಲಿಂದ ತರಲಿ ಎಂದಳು.

ಸಂಕವ್ವ ಜರಡಿ ಕೆಳಗಿಟ್ಟಳು. ಕೈ ಒರೆಸಿಕೊಂಡಳು.

"ಏಳು, ದ್ಯಾಮಿ."

ದ್ಯಾಮವ್ವ ನಗುತ್ತಲೇ ಎದ್ದು ಅತ್ತೆಯ ಎರಡೂ ತೋಳು ಹಿಡಿದಳು. ಮುದುಕಿಗೆ ನೋವಾಗಬಾರದೆಂದು ಮೆಲ್ಲಗೆ ಎಡಕ್ಕೆ ಒತ್ತಿದಳು.

ಮರುಕ್ಷಣ ಅವಳಿಗೆ ಕಂಡಿದ್ದು ಆಕಾಶ.

ಬೆನ್ನು ನೆಲಕ್ಕೆ ಬಡಿದಿತ್ತು. ಮೊಣಕೈ ತರಚಿತ್ತು. ಏನಾಯಿತೆಂದು ತಿಳಿಯದೆ ಒಂದು ಗಳಿಗೆ ಹಾಗೇ ಬಿದ್ದಿದ್ದಳು. ಆಮೇಲೆ ಹೊಟ್ಟೆಯಾಳದಿಂದ ನಗು ಉಕ್ಕಿ ಬಂತು. ಗುಂಡುಕಲ್ಲು ಎತ್ತಿದಾಗಲೂ ಅಂಥ ನಗು ಬಂದಿರಲಿಲ್ಲ.

"ಇನ್ನೊಂದು ಸಲ, ಅತ್ತೆ."

ಇನ್ನೊಂದು ಸಲವೂ ಬಿದ್ದಳು. ಆರು ಸಲ ಬಿದ್ದಳು. ಏಳನೆಯ ಸಲ ಅತ್ತೆಯ ಕಾಲು ಒಂದಿಷ್ಟು ಅಲುಗಿತು. ಅಲುಗಿದ್ದು ಇಬ್ಬರಿಗೂ ಗೊತ್ತಾಯಿತು.

ಈ ಪಟ್ಟು ಎಲ್ಲಿ ಕಲಿತಿದ್ದು ಎಂದು ದ್ಯಾಮವ್ವ ಏದುಸಿರು ಬಿಡುತ್ತಾ ಕೇಳಿದಳು.

"ನಿನ್ನ ಮಾವನ ಜೊತೆ ನಲವತ್ತು ವರ್ಷ ಕಂಬಳಿ ಹಿಂಡಿದ್ದೇನೆ," ಎಂದಳು ಸಂಕವ್ವ. "ಒಂದು ತುದಿ ಅವನ ಕೈಯಲ್ಲಿ, ಒಂದು ತುದಿ ನನ್ನ ಕೈಯಲ್ಲಿ. ಎದುರಿಗಿರುವವನು ಯಾವ ಕಡೆ ತಿರುಗುತ್ತಾನೆ ಅಂತ ಅವನಿಗಿಂತ ಮೊದಲು ಕೈಗೆ ತಿಳಿಯಬೇಕು. ಇಲ್ಲದಿದ್ದರೆ ಹೊಳೆಗೆ ಬೀಳುತ್ತೇವೆ."

ಮರುದಿನ ಅತ್ತೆ ಸೊಸೆ ಇಬ್ಬರೂ ಗರಡಿಯ ಮುಂದೆ ನಿಂತರು. ದ್ಯಾಮವ್ವ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಆರು ಸಲ ಬಿದ್ದೆ ಎಂದು ಹೇಳುವಾಗ ಅವಳ ಮುಖ ಹೊಳೆಯುತ್ತಿತ್ತು.

ಅಜ್ಜ ಸಂಕವ್ವನಿಗೆ ಕೈ ಮುಗಿದರು. ದ್ಯಾಮವ್ವನ ಮೊಣಕೈ ಹಿಡಿದು ಗಾಯ ನೋಡಿದರು.

"ನಿಮ್ಮ ಹಿತ್ತಲ ನೆಲ ಗಟ್ಟಿ," ಎಂದರು.

ಮೂಲೆಯಲ್ಲಿದ್ದ ಬುಟ್ಟಿ ತೆಗೆದುಕೊಂಡರು. ಕಣದ ನಟ್ಟನಡುವೆ ಕೂತು ಕೈಯಿಂದಲೇ ಕೆಮ್ಮಣ್ಣು ತುಂಬತೊಡಗಿದರು.

ಬಸಲಿಂಗ ಓಡಿ ಬಂದ. ಈ ಮಣ್ಣು ಎಷ್ಟು ತಲೆಮಾರಿನದು, ಎಷ್ಟು ಕೊಡ ಮಜ್ಜಿಗೆ ಕುಡಿದಿದೆ, ಎಷ್ಟು ಎಣ್ಣೆ, ಎಷ್ಟು ಅರಿಸಿನ ಉಂಡಿದೆ, ಇದನ್ನು ಯಾರದೋ ಹಿತ್ತಲಿಗೆ ಸುರಿಯುವುದೇ ಎಂದು ಕೇಳಿದ. ಆ ಮಣ್ಣಿನ ಮೇಲೆ ಅವನಿಗಿದ್ದ ಪ್ರೀತಿ ಸುಳ್ಳಲ್ಲ.

"ನಿನ್ನ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದು ಯಾವುದರಿಂದ, ಬಸಲಿಂಗ?"

"ಹಿಂದಿನ ದಿನದ ಮೊಸರಿನಿಂದ."

ಅಜ್ಜ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಹೊರಟರು. ದ್ಯಾಮವ್ವ ತಾನು ಹೊರುತ್ತೇನೆ ಎಂದು ಮುಂದೆ ಬಂದಳು. ಅವರು ಕೊಡಲಿಲ್ಲ. ಮಡಿವಾಳರ ಕೇರಿಯ ಉದ್ದಕ್ಕೂ ಜನ ಬಾಗಿಲಿಗೆ ಬಂದು ನಿಂತು ನೋಡಿದರು.

ಹಿತ್ತಲ ನೆಲವನ್ನು ಅತ್ತೆ ಸೊಸೆ ಅಗೆದರು. ಕಲ್ಲು ಆರಿಸಿದರು, ಹೊಳೆಯ ಮರಳು ಬೆರೆಸಿದರು. ಅಜ್ಜನ ಬುಟ್ಟಿಯ ಮಣ್ಣನ್ನು ಹಿಡಿ ಹಿಡಿಯಾಗಿ ಅದರ ಮೇಲೆ ಚೆಲ್ಲಿದರು. ಸಂಕವ್ವ ಮಜ್ಜಿಗೆ ಚಿಮುಕಿಸಿದಳು.

ಮೊದಲ ವಾರ ಇಬ್ಬರೇ. ಎರಡನೆಯ ವಾರ ಪಕ್ಕದ ಬಂಡೆಯ ಇಬ್ಬರು ಹೆಂಗಸರು ಬಂದರು, ನೋಡಲು ಬಂದೆವು ಎಂದರು, ಮೂರನೆಯ ದಿನ ಸೆರಗು ಬಿಗಿದು ಇಳಿದರು. ದ್ಯಾಮವ್ವನಿಗೆ ಕೆಲಸ ಮಾಡುವಾಗಲೂ ಅದೇ ಧ್ಯಾನ. ನಿನ್ನೆ ಯಾವ ಪಟ್ಟಿಗೆ ಬಿದ್ದೆ, ಇವತ್ತು ಅದನ್ನು ಹೇಗೆ ಬಿಡಿಸಿಕೊಳ್ಳಲಿ. ಬೀಳುವುದು ಕಡಿಮೆಯಾಗಲಿಲ್ಲ. ಏಳುವುದು ಬೇಗ ಆಯಿತು.

ಅಜ್ಜ ದಿನವೂ ಗರಡಿಯ ಪಾಠ ಮುಗಿಸಿ ಬರುತ್ತಿದ್ದರು. ಗರಡಿಯಲ್ಲಿ ಮಾಡುವಂತೆ ಚಪ್ಪಲಿಯನ್ನು ಹೊರಗೇ ಬಿಟ್ಟು, ಗೋಡೆಗೆ ಒರಗಿ ಕೂತು ನೋಡುತ್ತಿದ್ದರು. ಎಲ್ಲೋ ಒಮ್ಮೊಮ್ಮೆ ಮಾತ್ರ, ಕಾಲು ಅಲ್ಲ ಸೊಂಟ, ಎಂದಷ್ಟೇ ಹೇಳುತ್ತಿದ್ದರು.

ಒಂದು ದಿನ ಅತ್ತೆ ಸೊಸೆಯ ಕುಸ್ತಿ ಬಿಡಿಸಲಾಗದಂತೆ ಕಟ್ಟಿಕೊಂಡಿತು. ಯಾರೂ ಬೀಳಲಿಲ್ಲ, ಯಾರೂ ಬಿಡಲಿಲ್ಲ. ಸುತ್ತ ನಿಂತ ಹೆಂಗಸರು ಉಸಿರು ಬಿಗಿಹಿಡಿದಿದ್ದರು. ಕೊನೆಗೆ ದ್ಯಾಮವ್ವನಿಗೆ ಅತ್ತೆ ಬಲಕ್ಕೆ ತಿರುಗಲಿದ್ದಾಳೆಂದು ಕೈಯಲ್ಲೇ ತಿಳಿಯಿತು. ಸಂಕವ್ವನಿಗಿಂತ ಒಂದು ಕೂದಲೆಳೆ ಮೊದಲು.

ಸಂಕವ್ವ ಮಣ್ಣಿನ ಮೇಲೆ ಮೆತ್ತಗೆ ಬಿದ್ದಳು. ಬಿದ್ದಲ್ಲಿಂದಲೇ ಸೊಸೆಯ ಕೆನ್ನೆ ಹಿಂಡಿದಳು. ಹಿತ್ತಲೆಲ್ಲ ನಗು.

ಅದೇ ಹೊತ್ತಿಗೆ ಬಸಲಿಂಗ ಒಳಗೆ ಬಂದ. ಎಷ್ಟು ಹೊತ್ತಿನಿಂದ ಬೇಲಿಯ ಆಚೆ ನಿಂತು ನೋಡುತ್ತಿದ್ದನೋ. ನೇರ ಕಣದ ಅಂಚಿಗೆ ನಡೆದು ಬಂದು, ಮುಖ ಬೇರೆ ಕಡೆ ತಿರುಗಿಸಿ ಹೇಳಿದ.

"ಗುರುಗಳೇ, ಹುಡುಗರೆಲ್ಲ ಹೊಸ ಪಟ್ಟು ಹೇಳಿಕೊಡಿ ಎಂದು ಕಾಯುತ್ತಿದ್ದಾರೆ. ನೀವು ಗರಡಿ ಬಿಟ್ಟು ಈ ಹಿತ್ತಲಲ್ಲಿ ಕೂತಿದ್ದೀರಿ."

ದ್ಯಾಮವ್ವನ ನಗು ನಿಂತಿತು. ಅವಳು ಅಜ್ಜನ ಕಡೆ ನೋಡಿದಳು.

ಅಜ್ಜ ಬಸಲಿಂಗನ ಮುಖ ನೋಡಲಿಲ್ಲ. ಅವನ ಕಾಲು ನೋಡಿದರು.

"ಚಪ್ಪಲಿ ಬಿಟ್ಟು ಬಾ, ಮಗಾ."