ಸೋದರಮಾವನ ಒರತೆ

ಅರಿಜೋನಾದ ಮರಳುಸೀಮೆಯಲ್ಲಿ, ತಲೆ ಚಪ್ಪಟೆಯಾದ ಕಲ್ಲುಗುಡ್ಡವೊಂದರ ಮೇಲೆ ಹೋಪಿ ಜನರ ಹಳ್ಳಿಯಿದೆ. ಗುಡ್ಡದ ಬುಡದಲ್ಲಿ, ಬಂಡೆಗಳ ಸಂದಿನಲ್ಲಿ ಮೂರು ಮೆಟ್ಟಿಲು ಇಳಿದರೆ ಒಂದು ಸಣ್ಣ ಒರತೆ. ಅದಕ್ಕೆ ತಾಹಾಪಾ ಎಂದು ಹೆಸರು. ತಾಹಾ ಎಂದರೆ ತಾಯಿಯ ಒಡಹುಟ್ಟಿದವನು, ನಮ್ಮ ಮಾತಿನಲ್ಲಿ ಸೋದರಮಾವ. ಪಾ ಎಂದರೆ ನೀರು. ಯಾರ ಸೋದರಮಾವ ಎಂದು ಕೇಳಿದವರಿಗೆ ಅಲ್ಲಿನ ಹಿರಿಯರು ಹೊನೌ ಎಂಬ ಮುದುಕನ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಆ ಹಳ್ಳಿಯಲ್ಲಿ ಹೊನೌನಷ್ಟು ಚೆನ್ನಾಗಿ ಕಚಿನಾ ಬೊಂಬೆ ಕೆತ್ತುವವರು ಇರಲಿಲ್ಲವಂತೆ. ಕಚಿನಾಗಳೆಂದರೆ ಮೋಡದಲ್ಲಿ, ಮೆಕ್ಕೆಜೋಳದಲ್ಲಿ, ಮೃಗಪಕ್ಷಿಗಳಲ್ಲಿ, ಗತಿಸಿದ ಹಿರಿಯರಲ್ಲಿ ನೆಲೆಸಿರುವ ಚೇತನಗಳು. ನಡುಚಳಿಗಾಲಕ್ಕೆ ಹಿಮದ ಶಿಖರಗಳಿಂದ ಇಳಿದು ಬರುತ್ತವೆ. ನಡುಬೇಸಿಗೆಯವರೆಗೆ ಹಳ್ಳಿಯಲ್ಲಿ ಕುಣಿದು, ಮಳೆಗಾಗಿ ಜನ ಮಾಡಿದ ಪ್ರಾರ್ಥನೆಯನ್ನು ಹೊತ್ತು ಮರಳುತ್ತವೆ. ಹಬ್ಬದ ದಿನ ಹೆಣ್ಣುಮಕ್ಕಳ ಕೈಗೆ ತಮ್ಮದೇ ರೂಪದ ಮರದ ಬೊಂಬೆ ಇಡುತ್ತವೆ. ಅದು ಆಟದ ಸಾಮಾನಲ್ಲ. ಗೋಡೆಗೆ ತೂಗುಹಾಕಿದ ಆ ರೂಪವನ್ನು ದಿನವೂ ನೋಡುತ್ತಾ ಮಗು ಆ ಚೇತನದ ಗುರುತು ಹಿಡಿಯಬೇಕು, ಅದರ ಗುಣ ಕಲಿಯಬೇಕು. ಬೊಂಬೆ ಕೆತ್ತುವವರು ಮನೆಯ ಗಂಡಸರು, ಹೆಚ್ಚಾಗಿ ಸೋದರಮಾವಂದಿರು. ಆದರೆ ಕೆತ್ತಿದ್ದು ನಾನು ಎಂದು ಯಾರೂ ಹೇಳಿಕೊಳ್ಳುವುದಿಲ್ಲ; ಮಗುವಿನ ಪಾಲಿಗೆ ಅದು ಕಚಿನಾ ತಂದ ಬೊಂಬೆ. ಹೊನೌನ ಒಬ್ಬಳೇ ತಂಗಿ ಮಕ್ಕಳಿಲ್ಲದೆ ತೀರಿಕೊಂಡಿದ್ದಳು. ಅಂದಿನಿಂದ ಅವನು ಉಳಿ ಮುಟ್ಟಿರಲಿಲ್ಲ.

ಆ ವರ್ಷ ಪೂರ್ವದ ನದಿಬಯಲಿನಿಂದ ಕಾದಾಟಕ್ಕೆ ಅಂಜಿ ಓಡಿಬಂದ ಕೆಲವು ಸಂಸಾರಗಳು ಗುಡ್ಡದ ಕೆಳಗೆ ಬೀಡುಬಿಟ್ಟಿದ್ದವು. ಹಳ್ಳಿಗೆ ಇದ್ದದ್ದು ಒಂದೇ ಚಿಲುಮೆ, ಅದೂ ಬತ್ತುತ್ತಾ ಬಂದಿತ್ತು. ಕಚಿನಾಗಳು ಬೊಂಬೆ ಹಂಚುವ ಚಳಿಗಾಲದ ಅವರೆಹಬ್ಬ ಮುಗಿದ ಕೂಡಲೇ ಆ ಜನ ಹೊರಡಬೇಕೆಂದು ಹಳ್ಳಿಯ ಮುಖ್ಯಸ್ಥ ಹೇಳಿಬಿಟ್ಟ. ಅವರಲ್ಲಿ ಪೋವಿ ಎಂಬ ತಾಯಿಯಿಲ್ಲದ ಹುಡುಗಿ ಇದ್ದಳು. ಒಂದು ದಿನ ಅವಳು ದಾರಿಯಲ್ಲಿ ಹೊನೌನನ್ನು ನಿಲ್ಲಿಸಿ, “ಅಜ್ಜಾ, ಕಚಿನಾಗಳಿಗೆ ನಮ್ಮ ಗುಡಿಸಲಿನ ದಾರಿ ಗೊತ್ತಿದೆಯಾ?” ಎಂದು ಕೇಳಿದಳು. ಮುದುಕ ನೇರ ಮನೆಗೆ ಹೋಗಿ ಉಳಿಯ ತುಕ್ಕು ಉಜ್ಜಿದ.

ಬೊಂಬೆಗೆ ಕಾಟನ್‌ವುಡ್ ಮರದ ಬೇರೇ ಬೇಕು. ನೀರಿನ ಪಸೆ ಹುಡುಕಿ ಆಳಕ್ಕಿಳಿಯುವ ಬೇರು ಅದು. ಒಣಗಿದ ಹಳ್ಳದಲ್ಲೆಲ್ಲ ಅಲೆದರೂ ಸಿಗಲಿಲ್ಲ. ಕೊನೆಗೆ ಬಂಡೆಗಳ ನಡುವೆ ಸತ್ತುನಿಂತ ಮರವೊಂದು ಕಂಡಿತು. ಅದರ ಬೇರಿನ ಜಾಡು ಹಿಡಿದು ಎರಡು ದಿನ ಅಗೆದ. ಎರಡನೆಯ ಸಂಜೆ ಅವನ ಬೆರಳಿಗೆ ಹತ್ತಿದ ಮರಳು ಒದ್ದೆಯಾಗಿತ್ತು. ನೋಡನೋಡುತ್ತಿದ್ದಂತೆ ಗುಂಡಿಯ ತಳದಲ್ಲಿ ಅಂಗೈಯಷ್ಟು ನೀರು ನಿಂತಿತು.

ಹಳ್ಳಿಗೆ ಹೇಳಿದರೆ ನೀರು ಹಳ್ಳಿಯದಾಗುತ್ತದೆ, ಬಂದವರು ಹೊರಟೇ ಹೋಗಬೇಕಾಗುತ್ತದೆ ಎಂದು ಮುದುಕನಿಗೆ ತಿಳಿದಿತ್ತು. ಆದ್ದರಿಂದ ಮೊದಲು ಪೋವಿಯ ಜನರನ್ನೇ ಕರೆದು ಗುಂಡಿ ತೋಡಿಸಿದ, ಆಮೇಲೆ ಮುಖ್ಯಸ್ಥನ ಮನೆಗೆ ನಡೆದ. “ಆ ಮಗುವಿಗೆ ಬೇರು ಹುಡುಕುವಾಗ ಸಿಕ್ಕ ನೀರು ಇದು. ಮಗುವನ್ನು ಅಟ್ಟಿ ನೀರನ್ನು ಮಾತ್ರ ಇಟ್ಟುಕೊಂಡರೆ, ನಾಳೆ ಕಚಿನಾಗಳ ಮುಂದೆ ಯಾವ ಮುಖ ಹೊತ್ತು ನಿಲ್ಲುತ್ತೀಯಪ್ಪಾ?” ಎಂದ. ಮುಖ್ಯಸ್ಥ ಕೆಳಗಿಳಿದು ಬಂದು ನೀರಿಗೆ ಕೈ ಅದ್ದಿದ. ಸುತ್ತ ನಿಂತ ಪೋವಿಯ ಜನರನ್ನು ಒಮ್ಮೆ ನೋಡಿದ. “ಮೆಟ್ಟಿಲಿಗೆ ಕಲ್ಲು ತನ್ನಿ. ನೀವೂ ತನ್ನಿ, ನಮ್ಮವರೂ ತರುತ್ತಾರೆ” ಎಂದನಂತೆ.

ಆದರೆ ಕಡಿದು ತಂದ ಬೇರು ನೀರಿನ ಪಸೆಗೆ ಹಸಿಯಾಗಿತ್ತು, ಕೆತ್ತಿದರೆ ಸೀಳಿಹೋಗುತ್ತಿತ್ತು. ಅವರೆಹಬ್ಬದಲ್ಲಿ ಊರಿನ ಹುಡುಗಿಯರೆಲ್ಲ ಬೊಂಬೆ ಎದೆಗೊತ್ತಿಕೊಂಡು ನಿಂತಾಗ ಪೋವಿ ಬರಿಗೈಯಲ್ಲಿ ನಿಂತಳು. “ನಿನ್ನದು ದೂರದಿಂದ ಬರಬೇಕಮ್ಮ, ತುಸು ತಡ” ಎಂದಷ್ಟೇ ಹೊನೌ ಹೇಳಿದ. ನಾಲ್ಕು ತಿಂಗಳು ಬೇರನ್ನು ನೆರಳಲ್ಲಿ ಒಣಗಿಸಿ, ಕೆತ್ತಿ, ಬಣ್ಣಕಲ್ಲು ಅರೆದು ಬಳಿದ. ಬೇಸಿಗೆಯಲ್ಲಿ ಕಚಿನಾಗಳು ಬೀಳ್ಕೊಳ್ಳುವ ದಿನ, ಕುಣಿತದ ಸಾಲು ಬಿಟ್ಟು ಬಂದ ಒಂದು ಕಚಿನಾ ಪೋವಿಯ ಕೈಗೆ ಬೊಂಬೆ ಇಟ್ಟಿತು. ಹುಡುಗಿ ಓಡಿದ್ದು ನೇರ ಮುದುಕನ ಬಳಿಗೆ. “ನೋಡು ತಾಹಾ, ನನಗೂ ಕೊಟ್ಟರು” ಎಂದಳು. ಆ ಪದದಿಂದ ಅವನನ್ನು ಅದುವರೆಗೆ ಯಾರೂ ಕರೆದಿರಲಿಲ್ಲ. ಹೊನೌ ಬೊಂಬೆಯನ್ನು ಮೊದಲ ಸಲ ಕಾಣುವವನಂತೆ ಹಿಂದೆಮುಂದೆ ತಿರುಗಿಸಿ ನೋಡಿದ. “ಚೆನ್ನಾಗಿದೆ. ಹೊಗೆ ತಾಗದ ಕಡೆ ತೂಗುಹಾಕು” ಎಂದು ಹಿಂದಿರುಗಿಸಿದ. ಕೆಳಗಿನ ಬೀಡಿನ ಮಕ್ಕಳೆಲ್ಲ ಅಂದಿನಿಂದ ಅವನನ್ನು ತಾಹಾ ಎಂದೇ ಕರೆದರು. ಅವನು ತೋಡಿದ ನೀರಿಗೂ ಅದೇ ಹೆಸರು ನಿಂತಿತು ಎನ್ನುತ್ತಾರೆ.

ಇಂದು ಹೋದವರಿಗೆ ಅಲ್ಲಿ ಫೋಟೋ ತೆಗೆಯಲು ಬಿಡುವುದಿಲ್ಲ. ಸವೆದ ಮೆಟ್ಟಿಲುಗಳು, ಬಂಡೆಯ ಸಂದಿನಲ್ಲಿ ಪ್ರಾರ್ಥನೆಗೆಂದು ಹತ್ತಿಯ ದಾರಕ್ಕೆ ಕಟ್ಟಿಟ್ಟ ಪುಟ್ಟ ಗರಿಗಳು, ಯಾರೋ ಉದುರಿಸಿ ಹೋದ ಚಿಟಿಕೆ ಮೆಕ್ಕೆಜೋಳದ ಹಿಟ್ಟು ಕಣ್ಣಿಗೆ ಬೀಳುತ್ತವೆ. ಮೇಲಿನ ಹಳ್ಳಿಯವರೂ ಕೆಳಗಿನವರೂ ಕೊಡ ಹಿಡಿದು ಬರುತ್ತಾರೆ. ಮೊದಲು ಬಂದವರು ಮೊದಲು ಮೊಗೆಯುತ್ತಾರೆ.