ತೊಟ್ಟಿಲ ಗುಂಡಪ್ಪನ ಕತೆ

ದೀಪದ ಬತ್ತಿ ಸರಿಮಾಡಿ, ಕೈಯಲ್ಲಿ ಅಕ್ಷತೆ ಹಿಡ್ಕೊಳ್ಳಿ. ಮಗೂನ ತೊಟ್ಟಿಲಿಗೆ ಹಾಕೋ ದಿನ ಕೇಳೋ ಕತೆ ಇದು. ಬಾಣಂತಿ ಒರಗಿಕೊಂಡು ಕೇಳಿದ್ರೂ ನಡೀತದೆ.

ಕನಕಾವತಿ ಪಟ್ಟಣದ ರಾಣಿ ಚಂಪಕಮಾಲೆಗೆ ಹನ್ನೆರಡು ವರ್ಷ ಹರಕೆ ಹೊತ್ತ ಮೇಲೆ ಗಂಡುಮಗು ಆಯ್ತು. ನಾಮಕರಣದ ದಿನ ಅವಳ ಅತ್ತೆ ಸುಬ್ಬಾಜಮ್ಮ ಒರಳಿನ ಗುಂಡುಕಲ್ಲು ತೊಳೆದು, ಅರಿಶಿನ ಹಚ್ಚಿ, ಕುಲಾವಿ ಕಟ್ಟಿ ತಂದರು.

"ಮೊದಲು ಇವನನ್ನ ಮಲಗಿಸಿ ಗುಂಡಪ್ಪ ಅಂತ ಕರೀಬೇಕು ಕಣಮ್ಮ. ಗುಂಡಪ್ಪ ಅಂದ್ರೆ ಗುಂಡಿನ ಹಾಗೆ ಗಟ್ಟಿಯಾಗಿರೋನು. ಮಗೂಗೆ ತಾಗೋ ದೃಷ್ಟಿನೆಲ್ಲ ಇವನು ತಗೋತಾನೆ."

"ಚಟ್ನಿ ರುಬ್ಬೋ ಕಲ್ಲು ನನ್ನ ಮಗನಿಗೆ ಅಣ್ಣಾನಾ ಅತ್ತೆ?" ಅಂತ ರಾಣಿ ಮೂಗು ಮುರಿದು, ಕಲ್ಲನ್ನ ಅಡುಗೆಮನೆಗೆ ಅಟ್ಟಿ, ಮಗನಿಗೆ ದಿಗ್ವಿಜಯ ಪ್ರತಾಪ ಮಾರ್ತಾಂಡ ರಾಜೇಂದ್ರ ಅಂತ ಹೆಸರಿಟ್ಟಳು. ಕಿವೀಲಿ ಹೇಳೋಕೆ ಬಂದ ಸೋದರತ್ತೆ ನಡುವೆ ಎರಡು ಸಲ ನೀರು ಕುಡಿದಳು.

ಹೆಸರು ಮುಗಿದಿದ್ದೇ ತಡ, ತೊಟ್ಟಿಲ ಹಗ್ಗ ಪಟ್ಟಂತ ಹರೀತು. ಮಗೂಗೆ ಏನೂ ಆಗಲಿಲ್ಲ, ನೆಲದ ಚಪ್ಪಡಿ ಬಿರೀತು. ನಾಲ್ಕು ಜನ ಸೇರಿ ಎತ್ತಿದ್ರೂ ಮಗು ಮೇಲೇಳಲಿಲ್ಲ. ಮೈ ತಣ್ಣಗೆ, ಕಣ್ಣು ಬಿಟ್ಟಿದೆ, ರೆಪ್ಪೆ ಬಡಿಯೋದಿಲ್ಲ. ರಾಜನ ಬಾಯಲ್ಲಿದ್ದ ವೀಳ್ಯ ಬಾಯಲ್ಲೇ ಉಳೀತು.

ಅಷ್ಟರಲ್ಲಿ ಅಡುಗೆಯ ಪುಟ್ಟತಾಯಿ ಸೌಟು ಹಿಡಿದೇ ಓಡಿಬಂದಳು.

"ಅಮ್ಮಾವ್ರೇ, ಒರಳಲ್ಲಿ ಗುಂಡು ಅಳ್ತಾ ಇದೆ. ಹಸಿವಾಗಿರಬೇಕು."

ಎಲ್ಲರೂ ಹೋಗಿ ನೋಡಿದ್ರು. ನಿಜವಾಗಿ ಅಳ್ತಾ ಇತ್ತು. ಅರಮನೆ ವೈದ್ಯರು ಬಂದು ಮಗೂನ ಮುಟ್ಟಿ, "ನಾಡಿ ಸಿಗ್ತಾ ಇಲ್ಲ, ಕಲ್ಲು ಮಾತ್ರ ಒಳ್ಳೇದು" ಅಂದು, ಪೆಟ್ಟಿಗೆ ಮರೆತು ಹೋದರು.

ಮೂರು ದಿನ ಮಗು ಹಾಲು ಮುಟ್ಟಲಿಲ್ಲ, ಕಲ್ಲು ಅಳು ನಿಲ್ಲಿಸಲಿಲ್ಲ. ಮೂರನೇ ದಿನ ರಾಣಿಯ ಜಂಬವೆಲ್ಲ ಇಳಿದು, ಒರಳಿನ ಮುಂದೆ ಕೂತು, ಕಲ್ಲನ್ನ ಮಡಿಲಿಗೆ ಎತ್ಕೊಂಡು, ಹಾಲು ಬಿಟ್ಟು, "ತಪ್ಪಾಯ್ತಪ್ಪ ಗುಂಡಪ್ಪ, ನೀನೇ ದೊಡ್ಡೋನು. ನಿನ್ನ ತಮ್ಮನ್ನ ಉಳಿಸಿಕೊಡು" ಅಂತ ಗೋಳಾಡಿ, ಹೊಸ ಹಗ್ಗದ ತೊಟ್ಟಿಲಲ್ಲಿ ಅದನ್ನ ಮಲಗಿಸಿ ಮೂರು ಸಲ ಹೆಸರು ಕರೆದಳು. ಕಲ್ಲು ಸುಮ್ಮನಾಯ್ತು. ಮರುಕ್ಷಣ ಮಗು ಕಿಟ್ಟನೆ ಕಿರುಚಿತು. ಓಡಿಹೋಗಿ ಎತ್ಕೊಂಡ್ರೆ ಹೂವಿನಷ್ಟು ಹಗುರ. ರಾಣಿಯ ಪಟ್ಟೆಸೀರೆ ನೆನೀತು, ಅವಳು ತೂಗುತ್ತಾ ಅತ್ತಳು.

ಆ ಮಗೂಗೂ ಗುಂಡಪ್ಪ ಅಂತಲೇ ಹೆಸರಾಯ್ತು. ಕೆರೆ ಏರಿ ಒಡೆದಾಗ ಅವನು ಅಡ್ಡ ಕೂತ, ನೀರು ನಿಂತಿತು. ಅವನ ಮೊಮ್ಮಗ ಗುಂಡಪ್ಪ ಕೋಟೆ ಬಾಗಿಲಲ್ಲಿ ನಿಂತ, ಶತ್ರು ಸೈನ್ಯ ಸುತ್ತಿ ಬಳಸಿ ಮನೆಗೆ ಹೋಯ್ತು. ಅವನ ಮರಿಮಗ ಗುಂಡಪ್ಪ ಮದುವೆ ಊಟಕ್ಕೆ ಕೂತೋನು ಮೂರನೇ ಪಂಕ್ತಿಗೂ ಏಳಲಿಲ್ಲ. ಅದೂ ಗಟ್ಟಿತನವೇ ಅಂತ ಹಿರಿಯರು ಸೇರಿಸಿದ್ದಾರೆ.

ಈಗ ಅಕ್ಷತೆ ಮೊದಲು ಕಲ್ಲಿಗೆ, ಆಮೇಲೆ ಮಗೂಗೆ. ಇದನ್ನ ಓದಿದೋರ ಮನೇಲೂ ಕೇಳಿದೋರ ಮನೇಲೂ ತೊಟ್ಟಿಲಲ್ಲಿ ಮಗು ಅಳಲಿ, ಒರಳಲ್ಲಿ ಕಲ್ಲು ಸುಮ್ಮನಿರಲಿ.