ಉಪ್ಪಿನ ಋಣದ ಓಟು

ಅಮೆರಿಕದಲ್ಲಿ ಅಂತರ್ಯುದ್ಧ ಮುಗಿದು, ಗುಲಾಮರಿಗೆ ಬಿಡುಗಡೆಯಾಗಿ, ಕಪ್ಪು ಜನರಿಗೂ ಓಟು ಬಂದ ಕಾಲ. ಕರ್ನಲ್ ಹಾರ್ಗ್ರೋವ್‌ನ ತಲೆಗೆ ಮಾತ್ರ ಇದು ಇನ್ನೂ ಇಳಿದಿರಲಿಲ್ಲ.

ಚುನಾವಣೆಯ ದಿನ ಆತ ತನ್ನ ಹತ್ತಿ ತೋಟದ ಕಪ್ಪು ಆಳುಗಳಿಗೆಲ್ಲ ಅಂಗಳದಲ್ಲಿ ಹಂದಿಮಾಂಸದ ಊಟ ಹಾಕಿಸಿದ. ಬಿಳಿಯ ನೆಂಟರ ನಡುವೆ ತಾನೂ ತಟ್ಟೆ ಹಿಡಿದು ಗುಡುಗಿದ: "ನನ್ನ ಉಪ್ಪು ತಿಂದವರು ನನ್ನ ಪಕ್ಷಕ್ಕೇ ಓಟು ಹಾಕಬೇಕು. ಆಗದವರು ಸಂಜೆಯೊಳಗೆ ಗುಡಿಸಲು ಖಾಲಿ ಮಾಡಿ!"

ಅಡುಗೆಯ ಎಫ್ರೈಮ್‌ಗೆ ರೇಗಿಹೋಯಿತು. ಬೆಳಗಿನಿಂದ ಬೆಂಕಿಯ ಮುಂದೆ ಬೆಂದವನು ಅವನು. ಮಾಂಸಕ್ಕೆ ಉಪ್ಪು ಹಚ್ಚಿದವನೂ ಅವನೇ. ನಾವೀಗ ಗುಲಾಮರಲ್ಲ ಎಂದು ಈ ಮನುಷ್ಯನಿಗೆ ಇನ್ನೆಷ್ಟು ಸಲ ಹೇಳುವುದು! ಆದರೂ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ವಿನಯವಾಗಿ ಕೇಳಿದ:

"ಧಣಿ, ಉಣಿಸಿದವರು ಹೇಳಿದ ಕಡೆಗೇ ಉಂಡವರು ಓಟು ಹಾಕಬೇಕು. ಇದು ಎಲ್ಲರಿಗೂ ಒಂದೇ ನ್ಯಾಯ ತಾನೆ?"

"ಎಲ್ಲರಿಗೂ! ಮರ್ಯಾದಸ್ಥರ ನ್ಯಾಯ ಕಣೋ ಇದು," ಎಂದು ಕರ್ನಲ್ ದೊಡ್ಡ ತುತ್ತೊಂದನ್ನು ಬಾಯಿಗಿಟ್ಟ.

"ಹಾಗಾದರೆ ನಡೀರಿ. ಹುಟ್ಟಿದಾಗ ನಿಮಗೆ ಹಾಲು ಕುಡಿಸಿದವಳು ನನ್ನವ್ವ. ಅವತ್ತಿನಿಂದ ಇವತ್ತಿನವರೆಗೆ ನೀವು ಉಂಡದ್ದೆಲ್ಲ ನಮ್ಮ ಕೈಯಡುಗೆ. ನಮ್ಮ ಪಕ್ಷಕ್ಕೆ ಓಟು ಹಾಕಿ. ಆಗದಿದ್ದರೆ ಸಂಜೆಯೊಳಗೆ ಬಂಗಲೆ ಖಾಲಿ ಮಾಡಿ."

ನೆಂಟರೇ ಮೊದಲು ನಕ್ಕುಬಿಟ್ಟರು. ಕರ್ನಲ್‌ನ ಮುಖ ಕೆಂಪೇರಿತು. ಬೈಯೋಣವೆಂದರೆ ಬಾಯಿತುಂಬ ತುತ್ತು. ನುಂಗಿದರೆ ಋಣ ಇನ್ನೂ ಏರುತ್ತದೆ. ನೆಂಟರೆದುರು ಉಗುಳುವುದು ಹೇಗೆ? ಕೆನ್ನೆ ಉಬ್ಬಿಸಿಕೊಂಡೇ ನಿಂತ.

ಎಫ್ರೈಮ್ ಆಳುಗಳನ್ನೆಲ್ಲ ಕರೆದುಕೊಂಡು ಮತಗಟ್ಟೆಗೆ ಹೊರಟ. ಗೇಟಿನ ಬಳಿ ತಿರುಗಿ ಹೇಳಿದ: "ನಿಧಾನವಾಗಿ ಅಗಿಯಿರಿ ಧಣಿ, ಅವಸರವೇನಿಲ್ಲ. ಅಷ್ಟರಲ್ಲಿ ನಾವು ಓಟು ಹಾಕಿ ಬರುತ್ತೇವೆ."